ಜಂತುಹುಳುವಿನ ಹೊರಮೈ: ದಂಪತಿಗಳು ಅರಿಯಬೇಕಾದ ಸಂಗತಿಗಳು



ಮಕ್ಕಳು ಎಷ್ಟಿರಬೇಕು, ಒಂದು ಹೆರಿಗೆಗೂ ಇನ್ನೊಂದಕ್ಕೂ ಎಷ್ಟು ಅಂತರವಿರಬೇಕು ಎಂಬುದು ಕುಟುಂಬ ಕಲ್ಯಾಣದ ಒಂದು ಭಾಗ. ಹುಟ್ಟಿದ ಮಗು ಗಟ್ಟಿಮುಟ್ಟಾಗಿ ಬೆಳೆಯಬೇಕು, ಹೆತ್ತ ತಾಯಿ ರಕ್ತಪುಷ್ಟಿಯಿಂದ ಇರಬೇಕು ಎಂಬುದು ಅದರ ಇನ್ನೊಂದು ಭಾಗ. ಈ ಎರಡನೆಯ ಭಾಗಕ್ಕೆ ಅಡ್ಡಿಯಾಗುವ ಶತ್ರುಗಳಲ್ಲಿ ಜಂತುಹುಳುವೂ ಒಂದು. ಅದು ಹೊಟ್ಟೆಯೊಳಗೆ ಕುಳಿತು ಸದ್ದಿಲ್ಲದೆ ಕೆಲಸ ಮಾಡುತ್ತದೆ. ಜ್ವರ ಬಂದಂತೆ ಮೈ ಸುಡುವುದಿಲ್ಲ, ಗಾಯವಾದಂತೆ ನೆತ್ತರು ಕಾಣುವುದಿಲ್ಲ. ಆದುದರಿಂದ ಅನೇಕರು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ರೂಪವನ್ನು ತಿಳಿಯಬೇಕು. ಬರಿಗಣ್ಣಿಗೆ ನುಣುಪಾದ ದಾರದಂತೆ ತೋರುವ ಈ ಹುಳುವನ್ನು ಸಾವಿರಾರು ಪಟ್ಟು ಹಿಗ್ಗಿಸಿ ನೋಡಿದಾಗ ಅದರ ಮೈಮೇಲೆ ಉಂಗುರಗಳು, ಏಣುಗಳು, ತುಟಿಗಳು, ಹಲ್ಲುಗಳು ಕಾಣುತ್ತವೆ. ಅದು ನಮ್ಮ ದೇಹವನ್ನು ಯಾವ ಬಾಗಿಲಿನಿಂದ ಹೊಕ್ಕು, ಒಳಗೆ ಹೇಗೆ ನೆಲೆಸುತ್ತದೆ ಎಂಬುದನ್ನು ತಿಳಿಯಲು ಈ ಗುರುತುಗಳು ಬಹಳ ಸಹಾಯ ಮಾಡುತ್ತವೆ. ಬಾಗಿಲು ತಿಳಿದರೆ ಅದನ್ನು ಮುಚ್ಚುವುದು ಸುಲಭ. ಈ ಪಾಠದ ಉದ್ದೇಶ ಇಷ್ಟೇ.

1. ಈ ಹುಳುಗಳು ಯಾವುವು?

ಉದ್ದನೆಯ, ಉರುಟಾದ, ಎರಡೂ ತುದಿಗಳಲ್ಲಿ ಸಣ್ಣಗಾದ ಮೈಯುಳ್ಳ ಹುಳುಗಳ ಒಂದು ದೊಡ್ಡ ವರ್ಗವಿದೆ. ವಿಜ್ಞಾನಿಗಳು ಇವನ್ನು ನೆಮಟೋಡ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಬಹುಪಾಲು ಮಣ್ಣಿನಲ್ಲಿಯೂ ನೀರಿನಲ್ಲಿಯೂ ತಮ್ಮಷ್ಟಕ್ಕೆ ತಾವು ಬದುಕುತ್ತವೆ. ಕೆಲವು ಬೆಳೆಗಳ ಬೇರಿಗೆ ಗಂಟು ತರುತ್ತವೆ. ಕೆಲವು ಮಾತ್ರ ಮನುಷ್ಯನ ಕರುಳನ್ನು ಮನೆ ಮಾಡಿಕೊಂಡಿವೆ. ನಮ್ಮ ಹಳ್ಳಿಗಳಲ್ಲಿ ತಿಳಿದಿರಬೇಕಾದವು ನಾಲ್ಕು: ದುಂಡುಹುಳು, ಚಾಟಿಹುಳು, ಸೂಜಿಹುಳು ಮತ್ತು ಕೊಕ್ಕೆಹುಳು. ಪಟ್ಟಿಯಂತೆ ಚಪ್ಪಟೆಯಾಗಿರುವ ಲಾಡಿಹುಳು ಬೇರೆಯೇ ವರ್ಗಕ್ಕೆ ಸೇರಿದ್ದು. ಅದರ ವಿಚಾರ ಇಲ್ಲಿಲ್ಲ.

2. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಂದರೇನು?

ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಮಲವನ್ನು ಪರೀಕ್ಷಿಸುವ ಸಾಮಾನ್ಯ ಸೂಕ್ಷ್ಮದರ್ಶಕವನ್ನು ನೀವು ನೋಡಿರಬಹುದು. ಅದು ಬೆಳಕಿನಿಂದ ಕೆಲಸ ಮಾಡುತ್ತದೆ. ಬೆಳಕಿನ ಸಹಾಯದಿಂದ ವಸ್ತುವನ್ನು ಸುಮಾರು ಒಂದು ಸಾವಿರ ಪಟ್ಟು ಹಿಗ್ಗಿಸಬಹುದು. ಅದಕ್ಕಿಂತ ಬಹಳ ಹೆಚ್ಚು ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. ಹುಳುವಿನ ಮೊಟ್ಟೆಯನ್ನು ಗುರುತಿಸಲು ಅಷ್ಟು ಸಾಕು. ಅದರ ಚರ್ಮದ ಏರುತಗ್ಗುಗಳನ್ನು ಸ್ಪಷ್ಟವಾಗಿ ಕಾಣಲು ಸಾಲದು.

1931ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ಕ್ನೋಲ್ ಎಂಬವರು ಬೆಳಕಿನ ಬದಲು ಎಲೆಕ್ಟ್ರಾನ್ ಎಂಬ ಅತಿ ಸೂಕ್ಷ್ಮ ವಿದ್ಯುತ್ ಕಣಗಳ ಧಾರೆಯನ್ನು ಬಳಸುವ ಯಂತ್ರವನ್ನು ಕಟ್ಟಿದರು. ಈ ಕೆಲಸಕ್ಕಾಗಿ ರುಸ್ಕ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಸ್ತುವಿನ ಮೇಲ್ಮೈಯನ್ನು ತೋರಿಸುವ ಬಗೆಯ ಯಂತ್ರವು 1965ರಿಂದ ಮಾರಾಟಕ್ಕೆ ಬಂದಿತು. ಕುರುಡನು ಕೈಯಾಡಿಸಿ ಮುಖದ ಆಕಾರವನ್ನು ತಿಳಿಯುವಂತೆ, ಈ ಯಂತ್ರವು ಎಲೆಕ್ಟ್ರಾನುಗಳ ಸೂಜಿಮೊನೆಯಂತಹ ಧಾರೆಯನ್ನು ವಸ್ತುವಿನ ಮೇಲೆ ಸಾಲುಸಾಲಾಗಿ ಹಾಯಿಸಿ, ಅಲ್ಲಿಂದ ಹೊರಬರುವ ಕಣಗಳನ್ನು ಹಿಡಿದು ಪರದೆಯ ಮೇಲೆ ಚಿತ್ರವನ್ನು ಮೂಡಿಸುತ್ತದೆ.

ಹುಳುವನ್ನು ಹಾಗೆಯೇ ಇದರಲ್ಲಿ ಇಡಲಾಗದು. ಮೊದಲು ಅದನ್ನು ಕೆಡದಂತೆ ರಾಸಾಯನಿಕದಲ್ಲಿ ನೆನೆಸಿ, ಮದ್ಯಸಾರದಿಂದ ನೀರಿನಂಶವನ್ನು ತೆಗೆದು, ಒಣಗಿಸಿ, ಅದರ ಮೇಲೆ ಚಿನ್ನದ ಅತಿ ತೆಳುವಾದ ಲೇಪವನ್ನು ಕೊಡುತ್ತಾರೆ. ಅನಂತರ ಗಾಳಿಯನ್ನೆಲ್ಲ ತೆಗೆದ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಸಿಗುವ ಚಿತ್ರ ಕಪ್ಪುಬಿಳುಪಿನದು. ಪುಸ್ತಕಗಳಲ್ಲಿ ಕಾಣುವ ಬಣ್ಣವನ್ನು ಆಮೇಲೆ ತುಂಬಿರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ ಸಂಸ್ಥೆಗಳಲ್ಲಿ ಇಂತಹ ಯಂತ್ರಗಳಿವೆ. ನಿಮ್ಮ ರೋಗವನ್ನು ಪತ್ತೆ ಹಚ್ಚಲು ಇವು ಬೇಕಿಲ್ಲ. ಅದಕ್ಕೆ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು.

3. ಹುಳುವಿನ ಹೊದಿಕೆ

ಹೊಟ್ಟೆಯಲ್ಲಿ ಮಾಂಸವನ್ನೂ ಕಾಳನ್ನೂ ಕರಗಿಸುವ ಜೀರ್ಣರಸಗಳಿವೆ. ಅದೇ ರಸದಲ್ಲಿ ಮುಳುಗಿರುವ ಹುಳು ಕರಗುವುದಿಲ್ಲವೇಕೆ? ಇದಕ್ಕೆ ಉತ್ತರದ ಒಂದು ಭಾಗ ಅದರ ಹೊದಿಕೆಯಲ್ಲಿದೆ.

ಈ ಹುಳುವಿನ ಮೈಗೆ ನಮ್ಮ ಚರ್ಮದಂತಹ ಹೊರಪದರವಿಲ್ಲ. ಅದರ ಬದಲು ಹಲವು ಪದರಗಳ ಬಲವಾದ, ಬಾಗುವ, ಜೀವಕೋಶಗಳಿಲ್ಲದ ಒಂದು ಹೊದಿಕೆಯಿದೆ. ಅದರ ಮುಖ್ಯ ವಸ್ತು ಕೊಲಾಜೆನ್ ಎಂಬ ಸಸಾರಜನಕ. ನಮ್ಮ ಚರ್ಮಕ್ಕೆ ಬಿಗಿ ಕೊಡುವುದೂ ಇದೇ ಜಾತಿಯ ವಸ್ತು. ಹೊದಿಕೆಯ ಹೊರಗೆ ಅತಿ ತೆಳುವಾದ ಇನ್ನೊಂದು ಲೇಪವಿರುತ್ತದೆ. ಇದಲ್ಲದೆ ದುಂಡುಹುಳುವು ನಮ್ಮ ಜೀರ್ಣರಸದ ಶಕ್ತಿಯನ್ನು ಕುಂದಿಸುವ ವಸ್ತುಗಳನ್ನೂ ತಯಾರಿಸುತ್ತದೆ. ಹೀಗೆ ಕವಚವೂ ಉಂಟು, ವಿಷಕ್ಕೆ ಪ್ರತಿವಿಷವೂ ಉಂಟು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಈ ಹೊದಿಕೆಯ ಮೇಲೆ ಅಡ್ಡಡ್ಡಲಾಗಿ ಉಂಗುರಗಳು ಕಾಣುತ್ತವೆ. ಕೈತುಂಬ ತೊಟ್ಟ ಬಳೆಗಳಂತೆ ಅವು ಒಂದರ ಪಕ್ಕದಲ್ಲಿ ಒಂದು ಒತ್ತಾಗಿರುತ್ತವೆ. ಉಂಗುರಗಳ ನಡುವಿನ ತೋಡುಗಳಿಂದಾಗಿ ಗಟ್ಟಿಯಾದ ಹೊದಿಕೆಯೂ ಮುರಿಯದೆ ಬಾಗುತ್ತದೆ. ಹುಳುವು ಹಾವಿನಂತೆ ಬಳುಕುತ್ತ ಕರುಳಿನ ಚಲನೆಗೆ ಎದುರಾಗಿ ಈಜಬಲ್ಲದು. ಬಾಯಿಯ ಸುತ್ತ ಸಣ್ಣ ಗುಬುಟುಗಳೂ, ತಲೆಯ ಎರಡು ಬದಿಗಳಲ್ಲಿ ಒಂದೊಂದು ಚಿಕ್ಕ ಕುಳಿಯೂ ಇರುತ್ತವೆ. ಇವು ಅದರ ಸ್ಪರ್ಶ ಮತ್ತು ವಾಸನೆಯ ಅಂಗಗಳು. ಅದಕ್ಕೆ ಕಣ್ಣಿಲ್ಲದಿದ್ದರೂ ದಾರಿ ತಪ್ಪುವುದಿಲ್ಲ.

ಹಾವು ಪೊರೆ ಬಿಡುವಂತೆ ಈ ಹುಳುಗಳು ಹುಟ್ಟಿ ಬೆಳೆಯುವಷ್ಟರಲ್ಲಿ ನಾಲ್ಕು ಸಲ ಹೊದಿಕೆಯನ್ನು ಕಳಚಿ ಹೊಸದನ್ನು ಧರಿಸುತ್ತವೆ. ಕೊಕ್ಕೆಹುಳುವಿನ ವಿಚಾರದಲ್ಲಿ ಈ ಪೊರೆಯ ಪ್ರಸ್ತಾಪ ಮತ್ತೆ ಬರುತ್ತದೆ.

4. ನಾಲ್ಕು ಹುಳುಗಳು, ಅವುಗಳ ಗುರುತು, ಅವುಗಳ ದಾರಿ

(ಅ) ದುಂಡುಹುಳು: ಇದು ನಾಲ್ಕರಲ್ಲಿ ದೊಡ್ಡದು. ಹೆಣ್ಣು 20ರಿಂದ 35 ಸೆಂಟಿಮೀಟರ್ ಉದ್ದವಿರುತ್ತದೆ. ಬಾಯಿಯ ಸುತ್ತ ಬಿಲ್ವಪತ್ರೆಯ ಎಸಳುಗಳಂತೆ ಮೂರು ತುಟಿಗಳಿವೆ. ಬರಿಗಣ್ಣಿಗೆ ನುಣುಪಾದ ಈ ತುಟಿಗಳ ಅಂಚಿನಲ್ಲಿ ಕುಡುಗೋಲಿನ ಹಲ್ಲುಗಳಂತೆ ಅತಿ ಸಣ್ಣ ಹಲ್ಲುಗಳ ಸಾಲಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇದು ಕರುಳನ್ನು ಕಚ್ಚಿ ಹಿಡಿಯದೆ ಅದರೊಳಗೆ ಈಜುತ್ತ, ಮಗು ಉಂಡ ಅನ್ನದಲ್ಲಿ ಪಾಲು ಪಡೆಯುತ್ತದೆ.

ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ಎಷ್ಟು ಚಿಕ್ಕದೆಂದರೆ ಹದಿನಾರನ್ನು ಸಾಲಾಗಿಟ್ಟರೆ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ. ಮೊಟ್ಟೆಯ ಹೊರಚಿಪ್ಪು ಉಬ್ಬುತಗ್ಗಾಗಿ, ಅಂಟಂಟಾಗಿರುತ್ತದೆ. ಆದ್ದರಿಂದ ಅದು ಉಗುರಿನ ಸಂದಿಗೆ, ಸೊಪ್ಪಿನ ಎಲೆಗೆ, ಮೂಲಂಗಿಯ ಗೆಡ್ಡೆಗೆ ಹತ್ತಿಕೊಳ್ಳುತ್ತದೆ. ಮಲದೊಡನೆ ನೆಲಕ್ಕೆ ಬಿದ್ದ ಮೊಟ್ಟೆ ಎರಡು ಮೂರು ವಾರಗಳಲ್ಲಿ ರೋಗ ತರುವ ಸ್ಥಿತಿಗೆ ಬರುತ್ತದೆ. ಅನುಕೂಲವಾದ ತೇವವಿದ್ದರೆ ವರ್ಷಗಟ್ಟಲೆ ಕಾದಿರುತ್ತದೆ. ಇದರ ಬಾಗಿಲು ಬಾಯಿ.

(ಆ) ಚಾಟಿಹುಳು: ಇದು 3ರಿಂದ 5 ಸೆಂಟಿಮೀಟರ್ ಉದ್ದವಿದ್ದು, ಎತ್ತು ಹೊಡೆಯುವ ಬಾರುಕೋಲಿನಂತಿರುತ್ತದೆ. ಹಿಂಭಾಗ ಹಿಡಿಕೆಯಂತೆ ದಪ್ಪ, ಮುಂಭಾಗ ಬಾರಿನಂತೆ ಸಣ್ಣ. ಸಣ್ಣಗಿನ ಮುಂಭಾಗವನ್ನು ಅದು ದೊಡ್ಡ ಕರುಳಿನ ಒಳಪದರದಲ್ಲಿ ದಾರದಂತೆ ಪೋಣಿಸಿ ಕುಳಿತಿರುತ್ತದೆ. ಆ ಭಾಗದ ಮೇಲೆ ಉದ್ದಕ್ಕೂ ಒಂದು ಪಟ್ಟಿಯಿದ್ದು, ಅದರಲ್ಲಿ ಸಾವಿರಾರು ಸಣ್ಣ ರಂಧ್ರಗಳಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದೆ. ಒಳಪದರದಲ್ಲಿ ಹೂತು ಕುಳಿತಿರುವ ಈ ಹುಳು ಒಂದೇ ಗುಳಿಗೆಗೆ ಎಲ್ಲ ಸಲವೂ ಹೋಗುವುದಿಲ್ಲ. ಇದು ಹೆಚ್ಚಾಗಿರುವ ಮಗುವಿಗೆ ರಕ್ತ ಬೆರೆತ ಭೇದಿಯಾಗಬಹುದು, ಗುದ ಹೊರಬರಬಹುದು. ಇದರ ಬಾಗಿಲೂ ಬಾಯಿಯೇ.

(ಇ) ಸೂಜಿಹುಳು: ಇದು ಬಿಳಿ ದಾರದ ತುಂಡಿನಂತಿದ್ದು, ಹೆಣ್ಣು ಸುಮಾರು ಒಂದು ಸೆಂಟಿಮೀಟರ್ ಉದ್ದವಿರುತ್ತದೆ. ಮೈಯ ಎರಡು ಬದಿಗಳಲ್ಲಿ ಉದ್ದಕ್ಕೂ ಒಂದೊಂದು ಏಣು, ತಲೆಯ ಬಳಿ ಹೊದಿಕೆಯ ಉಬ್ಬು ಇದರ ಗುರುತು. ರಾತ್ರಿ ಮಗು ಮಲಗಿದಾಗ ಹೆಣ್ಣುಹುಳು ಗುದದ್ವಾರದಿಂದ ಹೊರಬಂದು ಸುತ್ತಲಿನ ಚರ್ಮದ ಮೇಲೆ ಸುಮಾರು 10 ಸಾವಿರ ಅಂಟು ಮೊಟ್ಟೆಗಳನ್ನಿಡುತ್ತದೆ. ಮಗು ತುರಿಸಿಕೊಳ್ಳುತ್ತದೆ, ಮೊಟ್ಟೆ ಉಗುರಿಗೆ, ಕೌದಿಗೆ, ಅರಿವೆಗೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಅವು ರೋಗ ತರಲು ಸಿದ್ಧವಾಗಿರುತ್ತವೆ. ಒಂದೇ ಹಾಸಿಗೆಯಲ್ಲಿ ಮಲಗುವ ಎಲ್ಲರಿಗೂ ಇದು ಹರಡುವುದು ಈ ಕಾರಣದಿಂದಲೇ. ಆದ್ದರಿಂದ ಮನೆಯವರೆಲ್ಲರೂ ಒಂದೇ ದಿನ ಔಷಧ ತೆಗೆದುಕೊಂಡು, ಎರಡು ವಾರಗಳ ಅನಂತರ ಮತ್ತೊಮ್ಮೆ ತೆಗೆದುಕೊಳ್ಳಬೇಕಾಗುತ್ತದೆ.

(ಈ) ಕೊಕ್ಕೆಹುಳು: ಉದ್ದದಲ್ಲಿ ಒಂದು ಸೆಂಟಿಮೀಟರಿನಷ್ಟೇ ಇರುವ ಈ ಹುಳು ತಾಯಂದಿರಿಗೆ ಅತಿ ಅಪಾಯಕಾರಿ. ತಲೆ ಕೊಕ್ಕೆಯಂತೆ ಬಾಗಿರುವುದರಿಂದ ಈ ಹೆಸರು. ನಮ್ಮ ದೇಶದಲ್ಲಿ ಇದರ ಎರಡು ಜಾತಿಗಳಿವೆ. ಒಂದು ಜಾತಿಯ ಬಾಯಿಯಲ್ಲಿ ನಾಲ್ಕು ಚೂಪಾದ ಹಲ್ಲುಗಳಿವೆ; ಇನ್ನೊಂದರಲ್ಲಿ ಅರ್ಧಚಂದ್ರಾಕಾರದ ಎರಡು ಅಲಗುಗಳಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಈ ಬಾಯಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಹುಳುವು ಕರುಳಿನ ಒಳಪದರದ ಚೂರನ್ನು ಬಾಯೊಳಗೆ ಎಳೆದುಕೊಂಡು, ಕೊಯ್ದು, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಟ್ಟು ಹೀರುತ್ತದೆ. ಆಗಾಗ ಜಾಗ ಬದಲಾಯಿಸುತ್ತದೆ. ಬಿಟ್ಟ ಜಾಗದಲ್ಲಿಯೂ ಕೆಲಹೊತ್ತು ರಕ್ತ ಒಸರುತ್ತಲೇ ಇರುತ್ತದೆ.

ಇದರ ಮರಿ ಮಣ್ಣಿನಲ್ಲಿ ಬೆಳೆಯುತ್ತದೆ. ಮಲದೊಡನೆ ಹೊರಬಿದ್ದ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆದು ಮರಿಯಾಗಿ, 5ರಿಂದ 10 ದಿನಗಳಲ್ಲಿ ಮನುಷ್ಯನನ್ನು ಹೊಗಲು ಸಿದ್ಧವಾಗುತ್ತದೆ. ಆಗ ಅದರ ಉದ್ದ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದು ಎರಡನೆಯ ಸಲ ಕಳಚಿದ ಪೊರೆಯನ್ನು ಬಿಸಾಡದೆ ಅಂಗಿಯಂತೆ ಮೈಮೇಲೆಯೇ ಇಟ್ಟುಕೊಂಡಿರುತ್ತದೆ. ಆ ಅಂಗಿಯೊಳಗೆ ಏನನ್ನೂ ತಿನ್ನದೆ, ತೇವದ ನೆರಳಿನಲ್ಲಿ ಮೂರು ನಾಲ್ಕು ವಾರ ಕಾಯುತ್ತದೆ. ಬರಿಗಾಲು ತಾಗಿದಾಗ ಮೈಯ ಬಿಸುಪನ್ನೂ ಚರ್ಮದ ಜಿಡ್ಡನ್ನೂ ಗುರುತಿಸಿ, ಅಂಗಿಯನ್ನು ಕಳಚಿ, ಬೆರಳ ಸಂದಿಯ ಮೆತ್ತನೆಯ ಚರ್ಮವನ್ನು ಹೊಕ್ಕುಬಿಡುತ್ತದೆ. ಅಲ್ಲಿಂದ ರಕ್ತದೊಡನೆ ಪುಪ್ಪುಸಕ್ಕೆ, ಪುಪ್ಪುಸದಿಂದ ಗಂಟಲಿಗೆ, ಗಂಟಲಿನಿಂದ ಕರುಳಿಗೆ ಅದರ ಪ್ರಯಾಣ.

ಈ ಸಂಗತಿ ತಿಳಿದುಬಂದ ಬಗೆಯೂ ವಿಶೇಷವಾದುದು. 1898ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಪ್ರಯೋಗ ಮಾಡುತ್ತಿದ್ದಾಗ ಮರಿಗಳಿದ್ದ ನೀರು ಅಕಸ್ಮಾತ್ತಾಗಿ ಅವರ ಕೈಮೇಲೆ ಚೆಲ್ಲಿತು. ಕೈ ಕೆಂಪಗಾಗಿ ತುರಿಸಿತು. ಕೆಲವು ವಾರಗಳ ಮೇಲೆ ಅವರ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಚರ್ಮವೂ ರೋಗದ ಬಾಗಿಲು ಎಂದು ಜಗತ್ತು ಅರಿತದ್ದು ಹೀಗೆ.

5. ನಮ್ಮ ನೆಲ ಮತ್ತು ನಮ್ಮ ರೂಢಿ

ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆ ಎರೆಭೂಮಿ ಹೆಚ್ಚು. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಮಳೆಯೂ ಹೆಚ್ಚು, ನೆರಳೂ ಹೆಚ್ಚು. ಹುಳುಗಳಿಗೂ ನೆಲದ ಗುಣ ಗೊತ್ತು. ಕೊಕ್ಕೆಹುಳುವಿನ ಮರಿಗೆ ಸಡಿಲವಾದ ಮರಳುಮಣ್ಣು, ತೇವ, ನೆರಳು ಹಿತ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಯುವ ಎರೆಹೊಲದಲ್ಲಿ ಅದು ಬಿಸಿಲಿಗೆ ಒಣಗಿ ಸಾಯುತ್ತದೆ. ಆದರೆ ಇದರಿಂದ ಎರೆನಾಡಿನವರು ನಿಶ್ಚಿಂತರಾಗಿರಬಾರದು. ಮಳೆಗಾಲದಲ್ಲಿ ಊರ ಹೊರಗಿನ ಜಾಲಿಯ ನೆರಳು, ಹಳ್ಳದ ದಂಡೆ, ಕಾಲುವೆಯ ಬದಿ ಇವು ತೇವವಾಗಿಯೇ ಇರುತ್ತವೆ. ಬಯಲಿಗೆ ಹೋಗುವವರು ಹುಡುಕುವುದೂ ಮರೆಯಾದ ಇಂತಹ ಜಾಗವನ್ನೇ. ನಿನ್ನೆ ಒಬ್ಬರು ಕುಳಿತ ಕಡೆ ಮುಂದಿನ ವಾರ ಇನ್ನೊಬ್ಬರು ಬರಿಗಾಲಿನಲ್ಲಿ ನಿಲ್ಲುತ್ತಾರೆ. ಮರಿಗೆ ಬೇಕಾದದ್ದು ಅಷ್ಟೇ.

ದುಂಡುಹುಳುವಿನ ಮೊಟ್ಟೆಗಾದರೋ ತೇವವನ್ನು ಹಿಡಿದಿಡುವ ಜಿಗುಟು ಮಣ್ಣೇ ಅನುಕೂಲ. ಎರೆಮಣ್ಣಿನ ಗುಣ ಅದೇ ತಾನೆ? ನಮ್ಮ ಊಟದ ರೂಢಿಯನ್ನೂ ಇದರೊಡನೆ ನೆನೆಯಿರಿ. ಜೋಳದ ರೊಟ್ಟಿಯ ಜೊತೆ ಹಸಿಯ ಮೆಂತ್ಯ ಪಲ್ಲೆ, ಹಕ್ಕರಿಕೆ, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿ, ಗಜ್ಜರಿ ತಿನ್ನುವುದು ಒಳ್ಳೆಯ ರೂಢಿ, ಇವುಗಳಲ್ಲಿ ಪೌಷ್ಟಿಕಾಂಶಗಳಿವೆ. ಇದನ್ನು ಬಿಡಬೇಕಾಗಿಲ್ಲ. ಆದರೆ ಹೊಲದ ಬದುವಿನಲ್ಲಿ ಕಿತ್ತು, ಸೆರಗಿನಲ್ಲಿ ಒರೆಸಿ ಬಾಯಿಗೆ ಹಾಕುವುದು ಅಪಾಯ. ಸೊಪ್ಪನ್ನು ಬಿಡಿಸಿ, ಶುದ್ಧ ನೀರಿನಲ್ಲಿ ಮೂರು ನಾಲ್ಕು ಸಲ ನೀರು ಬದಲಾಯಿಸಿ ಎಲೆ ಎಲೆಯನ್ನೂ ತೊಳೆಯಿರಿ. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ಮೊಟ್ಟೆ ಸಾಯುವುದಿಲ್ಲ. ತಿಕ್ಕಿ ತೊಳೆದರೆ ಕಳಚಿ ಹೋಗುತ್ತದೆ. ಬೇಯಿಸಿದರೆ ಸಾಯುತ್ತದೆ.

6. ತಾಯಿಯಾಗುವವಳು ಮತ್ತು ಕೊಕ್ಕೆಹುಳು

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನಾಲ್ಕು ಹಲ್ಲಿನ ಜಾತಿಯ ಒಂದು ಕೊಕ್ಕೆಹುಳುವಿನಿಂದ ದಿನಕ್ಕೆ ಸುಮಾರು 0.15 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ. ಒಬ್ಬಾಕೆಯ ಕರುಳಿನಲ್ಲಿ ಇಂತಹ 100 ಹುಳುಗಳಿದ್ದರೆ ದಿನಕ್ಕೆ 15 ಮಿಲಿಲೀಟರ್, ತಿಂಗಳಿಗೆ 450 ಮಿಲಿಲೀಟರ್. ರಕ್ತದಾನದಲ್ಲಿ ಒಬ್ಬರಿಂದ ಸಾಮಾನ್ಯವಾಗಿ ತೆಗೆಯುವುದು 350 ಮಿಲಿಲೀಟರ್. ಅದೂ ಆರೋಗ್ಯವಂತರಿಂದ, ತಿಂಗಳುಗಳ ಅಂತರ ಬಿಟ್ಟು. ಅಲಗಿನ ಜಾತಿಯ ಹುಳು ಇದರ ಐದನೆಯ ಒಂದು ಪಾಲಿನಷ್ಟು ರಕ್ತ ಕಳೆಯುತ್ತದೆ. ಹಾಗೆ ಕಳೆದ ರಕ್ತದ ಕಬ್ಬಿಣಾಂಶದಲ್ಲಿ ಒಂದಷ್ಟನ್ನು ಕರುಳು ಮರಳಿ ಹೀರಿಕೊಳ್ಳುತ್ತದಾದರೂ ಉಳಿದದ್ದು ನಷ್ಟವೇ.

ಹೆಣ್ಣುಮಕ್ಕಳು ಮುಟ್ಟಿನಲ್ಲಿ ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುತ್ತಾರೆ. ಬಸುರಿನಲ್ಲಿ ಮಗುವಿಗಾಗಿ ಹೆಚ್ಚು ರಕ್ತ ಬೇಕು. ಹೆರಿಗೆಯಲ್ಲಿ ಮತ್ತೆ ರಕ್ತ ಹೋಗುತ್ತದೆ. ಒಂದು ಮಗುವಿನ ಬೆನ್ನಿಗೇ ಇನ್ನೊಂದು ಬಂದರೆ ಕಳೆದ ರಕ್ತ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ಇಷ್ಟರ ಮೇಲೆ ಹುಳುವಿನ ಪಾಲೂ ಸೇರಿದರೆ ತಾಯಿಯ ದೇಹ ಏನಾಗಬೇಕು? ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುವಾಗ ಬೇಗ ದಣಿವು, ತಲೆ ಸುತ್ತು, ಎದೆ ಬಡಿತ, ನಾಲಿಗೆ ಮತ್ತು ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು ಇವು ರಕ್ತಹೀನತೆಯ ಚಿಹ್ನೆಗಳು. ಇದನ್ನು “ಸೋಮಾರಿತನ” ಎಂದು ಆಡಿಕೊಳ್ಳುವುದು ಅನ್ಯಾಯ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಇಂತಹ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಹೆರಿಗೆಯಲ್ಲಿ ಉಳಿದವರು ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನೂ ಈಕೆ ತಾಳಲಾರಳು. ಪ್ರಾಣಕ್ಕೇ ಕುತ್ತು ಬರಬಹುದು.

ಆದ್ದರಿಂದ ಗರ್ಭಿಣಿಯರು ತಪ್ಪದೆ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಪಡೆದು, ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಮೂರು ತಿಂಗಳು ಕಳೆದ ಮೇಲೆ, ನಾಲ್ಕನೆಯ ತಿಂಗಳಿನಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಸೇವಿಸಬೇಕು. ಗುಳಿಗೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಚಹ ಬೇಡ. ಮಲ ಕಪ್ಪಗಾದರೆ ಹೆದರಬೇಡಿ. ಅದು ಗುಳಿಗೆಯ ಬಣ್ಣ. ಗುಳಿಗೆ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತು ಸುಳ್ಳು.

7. ಔಷಧದ ಮಾತು

ಹುಳುವಿನ ಹೊದಿಕೆ ಜೀರ್ಣರಸಕ್ಕೆ ಜಗ್ಗದು ಎಂದೆವು. ಆದರೆ ಆಲ್ಬೆಂಡಜೋಲ್ ಎಂಬ ಔಷಧ ಅದೇ ಹೊದಿಕೆಯ ಮೂಲಕ ಇಂಗಿ ಒಳಗೆ ಇಳಿಯುತ್ತದೆ. ಒಳಗೆ ಹೋಗಿ ಹುಳುವು ಸಕ್ಕರೆಯನ್ನು ಹೀರಿಕೊಳ್ಳದಂತೆ ಮಾಡುತ್ತದೆ. ಶಕ್ತಿ ಸಿಗದೆ ಹುಳು ಸಾಯುತ್ತದೆ. ಇದನ್ನು ಸರಕಾರವು ಉಚಿತವಾಗಿ ಕೊಡುತ್ತದೆ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಈ ಗುಳಿಗೆಯನ್ನು ನೀಡಲಾಗುತ್ತದೆ. ಇದಕ್ಕೆ ಗೊತ್ತುಮಾಡಿದ ದಿನಗಳು ಫೆಬ್ರವರಿ 10 ಮತ್ತು ಆಗಸ್ಟ್ 10. ನಿಮ್ಮ ಊರಿನಲ್ಲಿ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಗುಳಿಗೆ, ಅಂದರೆ 200 ಮಿಲಿಗ್ರಾಮ್. ಎರಡು ವರ್ಷ ಮೀರಿದವರಿಗೆ ಒಂದು ಗುಳಿಗೆ, 400 ಮಿಲಿಗ್ರಾಮ್. ದೊಡ್ಡ ಮಕ್ಕಳು ಅಗಿದು ತಿನ್ನಬೇಕು. ಚಿಕ್ಕವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಹುಳು ಹೆಚ್ಚಿರುವ ಮಗುವಿಗೆ ಸ್ವಲ್ಪ ಹೊಟ್ಟೆನೋವು, ಓಕರಿಕೆ ಬರಬಹುದು; ಸಾಮಾನ್ಯವಾಗಿ ಬೇಗನೆ ಶಮನವಾಗುತ್ತದೆ. ಜ್ವರದಿಂದ ಮಲಗಿರುವ ಮಗುವಿಗೆ ಆ ದಿನ ಕೊಡಬೇಡಿ. ಗುಣವಾದ ಮೇಲೆ ಕೊಡಿಸಿ.

ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಈ ಗುಳಿಗೆಯನ್ನು ತೆಗೆದುಕೊಳ್ಳಬಾರದು. ಅನಂತರ, ವೈದ್ಯರ ಅಥವಾ ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ಒಂದು ಸಲ ತೆಗೆದುಕೊಳ್ಳಬೇಕು. ಮುಟ್ಟು ನಿಂತು ಬಸುರಿನ ಅನುಮಾನವಿದ್ದರೆ ಗುಳಿಗೆ ನುಂಗುವ ಮೊದಲೇ ಅದನ್ನು ತಿಳಿಸಿರಿ. ಉಳಿದ ವಯಸ್ಕರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಒಂದು ಮಾತು ನೆನಪಿರಲಿ. ಗುಳಿಗೆಯು ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆ. ಹಿತ್ತಲಿನ ಮಣ್ಣಿನಲ್ಲಿರುವ ಮೊಟ್ಟೆಯನ್ನು ಅದು ಮುಟ್ಟದು. ಬಾಗಿಲು ತೆರೆದೇ ಇದ್ದರೆ ಹುಳು ಮರಳಿ ಬರುತ್ತದೆ.

8. ಬಾಗಿಲು ಮುಚ್ಚುವ ಕ್ರಮ

ದಂಪತಿಗಳಿಬ್ಬರೂ ಕೂಡಿ ಮಾಡಬೇಕಾದ ಕೆಲಸಗಳು ಇವು:

(1) ಮನೆಯವರೆಲ್ಲರೂ ಶೌಚಾಲಯವನ್ನೇ ಬಳಸಿರಿ. ಕಟ್ಟಿಸಿದ ಶೌಚಾಲಯದಲ್ಲಿ ಕಟ್ಟಿಗೆ, ಕುಳ್ಳು ಒಟ್ಟಿ ಬಯಲಿಗೆ ಹೋಗುವುದು ಹಣ ಕೊಟ್ಟು ರೋಗ ತಂದಂತೆ. ಗಂಡಸರು ಹೊಲಕ್ಕೆ ಹೋದಾಗಲೂ ಈ ಎಚ್ಚರ ಬೇಕು. ಮನೆಯಿಂದ ಹೊರಡುವ ಮೊದಲೇ ಶೌಚ ಮುಗಿಸಿರಿ.

(2) ಚಿಕ್ಕ ಮಗುವಿನ ಮಲವೂ ನಿರಪಾಯವಲ್ಲ. ಅದನ್ನು ತಿಪ್ಪೆಗೆ, ಗಟಾರಕ್ಕೆ ಎಸೆಯದೆ ಶೌಚಾಲಯಕ್ಕೇ ಹಾಕಿರಿ.

(3) ಎರಡು ಗುಂಡಿಗಳ ಶೌಚಾಲಯವಿದ್ದರೆ ತುಂಬಿದ ಗುಂಡಿಯನ್ನು ಮುಚ್ಚಿ ಒಂದು ವರ್ಷ, ಆದರೆ ಎರಡು ವರ್ಷ ಬಿಡಿರಿ. ಅದಕ್ಕೆ ಮೊದಲೇ ತೆಗೆದು ಹೊಲಕ್ಕೆ ಹಾಕಿದರೆ ಮೊಟ್ಟೆಗಳನ್ನು ಬಿತ್ತಿದಂತಾಗುತ್ತದೆ.

(4) ಹೊಲ, ಹಿತ್ತಲು, ಶೌಚಾಲಯಗಳಿಗೆ ಹೋಗುವಾಗ ಚಪ್ಪಲಿ ಮೆಟ್ಟಿರಿ. ಮನೆಯ ಯಜಮಾನನ ಕಾಲಿಗೆ ಚಪ್ಪಲಿ ಇದ್ದು, ಕಳೆ ತೆಗೆಯುವ ಹೆಂಡತಿಯ ಕಾಲು ಬರಿದಾಗಿದ್ದರೆ ಮನೆಯಲ್ಲಿ ರಕ್ತ ಸೋರುತ್ತಲೇ ಇರುತ್ತದೆ. ಒಂದು ಜೊತೆ ಚಪ್ಪಲಿಯ ಬೆಲೆ ರಕ್ತದ ಬೆಲೆಗಿಂತ ದೊಡ್ಡದಲ್ಲ.

(5) ಶೌಚದ ಅನಂತರ, ಅಡಿಗೆಗೆ ಮೊದಲು, ಉಣ್ಣುವ ಮತ್ತು ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ವಾರಕ್ಕೊಮ್ಮೆ ಮಕ್ಕಳ ಉಗುರು ಕತ್ತರಿಸಿರಿ.

(6) ಸೂಜಿಹುಳುವಿದ್ದರೆ ಬೆಳಗ್ಗೆ ಮಗುವಿಗೆ ಸ್ನಾನ ಮಾಡಿಸಿ, ಒಳಉಡುಪು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕಿರಿ.

9. ಕೆಲವು ತಪ್ಪು ತಿಳುವಳಿಕೆಗಳು

ಬೆಲ್ಲ ತಿಂದರೆ ಹುಳು ಹುಟ್ಟುತ್ತದೆ ಎನ್ನುವವರಿದ್ದಾರೆ. ಬೆಲ್ಲದಿಂದ ಹುಳು ಹುಟ್ಟುವುದಿಲ್ಲ. ಹುಳು ಹುಟ್ಟುವುದು ಹುಳುವಿನ ಮೊಟ್ಟೆಯಿಂದ ಮಾತ್ರ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳು ಇದ್ದೇ ಇದೆ ಎಂಬುದೂ ಸರಿಯಲ್ಲ. ಅನುಮಾನವಿದ್ದರೆ ಮಲಪರೀಕ್ಷೆ ಮಾಡಿಸಬೇಕು. ಮಲದಲ್ಲಿ ಹುಳು ಕಾಣಲಿಲ್ಲ, ಆದ್ದರಿಂದ ಹೊಟ್ಟೆಯಲ್ಲಿಯೂ ಇಲ್ಲ ಎಂದು ನಂಬುವುದು ಅದಕ್ಕಿಂತ ದೊಡ್ಡ ತಪ್ಪು. ಕೊಕ್ಕೆಹುಳು ಕರುಳನ್ನು ಕಚ್ಚಿಕೊಂಡಿರುವುದರಿಂದ ಹೊರಗೆ ಕಾಣಿಸುವುದು ಅಪರೂಪ. ಕಾಣುವುದು ಸೂಕ್ಷ್ಮದರ್ಶಕದಲ್ಲಿ ಅದರ ಮೊಟ್ಟೆ ಮಾತ್ರ.

10. ನಾವು ಗೆದ್ದ ಒಂದು ಹುಳು

ಇಷ್ಟೆಲ್ಲ ಮಾಡಿದರೂ ಈ ಹುಳು ಹೋದೀತೇ ಎಂದು ನೀವು ಕೇಳಬಹುದು. ನಾರುಹುಣ್ಣನ್ನು ನಿಮ್ಮ ಮನೆಯ ಹಿರಿಯರು ಕೇಳಿ ಬಲ್ಲರು. ಒಂದು ಮೀಟರಿನವರೆಗೂ ಉದ್ದವಾಗುವ ಹುಳು ಕಾಲಿನ ಹುಣ್ಣಿನಿಂದ ಹೊರಬರುತ್ತಿತ್ತು. ಅದನ್ನು ದಿನದಿನವೂ ಕಡ್ಡಿಗೆ ಸುತ್ತಿ ಎಳೆಯುತ್ತಿದ್ದರು. ಅದೂ ಇದೇ ನೆಮಟೋಡ್ ವರ್ಗದ್ದು. ಮೆಟ್ಟಿಲು ಬಾವಿಗಳಿಗೆ ಇಳಿದು ನೀರು ತುಂಬುವಾಗ ಹುಣ್ಣಿನಿಂದ ಮರಿಗಳು ನೀರಿಗೆ ಸೇರಿ, ಆ ನೀರು ಕುಡಿದವರಿಗೆ ರೋಗ ಹರಡುತ್ತಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಈ ರೋಗವಿತ್ತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಗುಳಿಗೆಯೂ ಇರಲಿಲ್ಲ. ಜನರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು. ಹುಣ್ಣಾದವರು ಬಾವಿಗೆ ಇಳಿಯುವುದನ್ನು ಬಿಟ್ಟರು. ಮೆಟ್ಟಿಲು ಬಾವಿಗಳ ಬದಲು ಕೊಳವೆ ಬಾವಿಗಳು ಬಂದವು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಗಿದೆ ಎಂದು ಪ್ರಮಾಣೀಕರಿಸಿತು.

ಗುಳಿಗೆಯಿಲ್ಲದೆ ಒಂದು ಹುಳುವನ್ನು ಗೆದ್ದ ನಾವು, ಗುಳಿಗೆಯಿರುವಾಗ ಉಳಿದವುಗಳಿಗೆ ಸೋಲಬೇಕೇ?

ಈ ಪಾಠವನ್ನು ಓದಿದ ಮೇಲೆ ಇಬ್ಬರೂ ಕೂಡಿ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ:

1. ಕೊಕ್ಕೆಹುಳುವಿನ ಮರಿ ದೇಹವನ್ನು ಎಲ್ಲಿಂದ ಹೊಗುತ್ತದೆ? ಅದನ್ನು ತಡೆಯಲು ನಮ್ಮ ಮನೆಯಲ್ಲಿ ಯಾರ ಕಾಲಿಗೆ ಇನ್ನೂ ಚಪ್ಪಲಿಯಿಲ್ಲ?
2. ದುಂಡುಹುಳುವಿನ ಮೊಟ್ಟೆ ಸೊಪ್ಪಿಗೆ ಹತ್ತಿಕೊಳ್ಳುವುದೇಕೆ? ಹಸಿಯ ಸೊಪ್ಪನ್ನು ಹೇಗೆ ತೊಳೆಯಬೇಕು?
3. ಗರ್ಭಿಣಿಯು ಜಂತುಹುಳುವಿನ ಗುಳಿಗೆಯನ್ನು ಯಾವಾಗ ತೆಗೆದುಕೊಳ್ಳಬಾರದು? ಯಾವಾಗ ತೆಗೆದುಕೊಳ್ಳಬೇಕು?
4. ಗುಳಿಗೆ ತೆಗೆದುಕೊಂಡ ಮೇಲೂ ಹುಳು ಮತ್ತೆ ಬರಲು ಕಾರಣವೇನು?
5. ಮುಂದಿನ ಜಂತುಹುಳು ನಿವಾರಣಾ ದಿನ ನಮ್ಮ ಊರಿನಲ್ಲಿ ಎಂದು? ನಮ್ಮ ಮಕ್ಕಳಲ್ಲಿ ಯಾರು ಯಾರು ಗುಳಿಗೆ ತೆಗೆದುಕೊಳ್ಳಬೇಕು?